ವಿಶ್ವವಿದ್ಯಾಲಯದ ಪ್ರೀ-ಹೆಲ್ತ್ ಸಲಹಾ ಕಚೇರಿ: ನಾಲ್ಕು ವರ್ಷ ಬಳಸಿದ ಮೇಲೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಸೇರಿದಾಗ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಆ ಸಿಬಿಜೆಡ್ ತರಗತಿಯಲ್ಲಿ ಕುಳಿತಿದ್ದ ಬಹುತೇಕರು ಸಿಇಟಿಯಲ್ಲಿ ಮೆಡಿಕಲ್ ಸೀಟು ಕೈತಪ್ಪಿದವರೇ ಆಗಿದ್ದೆವು. ಡಾಕ್ಟರಾಗುವ ಆಸೆಗೆ ಎಳ್ಳುನೀರು ಬಿಟ್ಟ ಮೇಲೆ ಹಿಡಿಯುವ ದಾರಿಯೇ ಬಿ.ಎಸ್ಸಿ. ಎಂದು ತಿಳಿದಿದ್ದ ನನಗೆ, ಅಮೆರಿಕದಲ್ಲಿ ಅದೇ ಪದವಿಯನ್ನು ದಾಟದೆ ವೈದ್ಯಕೀಯ ಕಾಲೇಜಿನ ಹೊಸ್ತಿಲನ್ನು ಸಾಮಾನ್ಯವಾಗಿ ಮುಟ್ಟಲಾಗದು ಎಂಬುದು ಬುದ್ಧಿಗೆ ತಿಳಿದಿದ್ದರೂ ಮನಸ್ಸಿಗೆ ಇಳಿಯಲು ಮಗಳು ಕಾಲೇಜು ಸೇರಬೇಕಾಯಿತು. ನಮ್ಮಲ್ಲಿ ಪಿಯುಸಿ ಮುಗಿಸಿದ ಹದಿನೆಂಟರ ಹುಡುಗ ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮಾಡಿ ಎಂಬಿಬಿಎಸ್ ಆಗುವ ಹೊತ್ತಿಗೆ, ಇಲ್ಲಿನ ಅದೇ ವಯಸ್ಸಿನವರು ವೈದ್ಯಕೀಯ ಕಾಲೇಜಿನ ಮೊದಲ ಒಂದೆರಡು ವರ್ಷಗಳಲ್ಲಿರುತ್ತಾರೆ, ಇಲ್ಲವೇ ಇನ್ನೂ ಅರ್ಜಿ ಬರೆಯುತ್ತಿರುತ್ತಾರೆ.

ಈ ಬರಹ ವಿಮರ್ಶಿಸುತ್ತಿರುವುದು ಒಂದು ಸೇವೆಯನ್ನು. ಮಧ್ಯಪಶ್ಚಿಮದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ, ವೈದ್ಯ, ದಂತವೈದ್ಯ, ಪಶುವೈದ್ಯ, ಔಷಧ ಮೊದಲಾದ ವೃತ್ತಿಶಿಕ್ಷಣಕ್ಕೆ ಹೋಗಬಯಸುವ ಪದವಿ ವಿದ್ಯಾರ್ಥಿಗಳಿಗೆ ವಿಷಯಗಳ ಆಯ್ಕೆಯಿಂದ ಅರ್ಜಿಯವರೆಗೆ ಮಾರ್ಗದರ್ಶನ ಮಾಡುವ ಪ್ರೀ-ಹೆಲ್ತ್ ಸಲಹಾ ಕಚೇರಿಯನ್ನು ನನ್ನ ಮಗಳು 2021ರ ಆಗಸ್ಟ್‌ನಿಂದ ಪದವಿ ಮುಗಿಯುವವರೆಗೂ, ಆಮೇಲೆ ಅರ್ಜಿಯ ವರ್ಷದಲ್ಲೂ ಬಳಸಿದ್ದಾಳೆ. ಹೇಳಬೇಕಾದ ದೂರುಗಳೂ ಇರುವುದರಿಂದ ವಿಶ್ವವಿದ್ಯಾಲಯದ ಹೆಸರನ್ನು ಬಿಟ್ಟಿದ್ದೇನೆ. ಇಂತಹ ಕಚೇರಿ ದೊಡ್ಡ ವಿಶ್ವವಿದ್ಯಾಲಯಗಳಲ್ಲೆಲ್ಲ ಒಂದಲ್ಲ ಒಂದು ರೂಪದಲ್ಲಿ ಇರುವುದರಿಂದ ಅನುಭವ ಬೇರೆಯವರಿಗೂ ಒದಗಬಹುದು. ಅಂಕ ಕೊಡಲೇಬೇಕೆಂದರೆ ಮೊದಲ ಎರಡು ವರ್ಷಗಳಿಗೆ ಐದಕ್ಕೆ ಐದು, ಕೊನೆಯ ವರ್ಷಕ್ಕೆ ಐದಕ್ಕೆ ಎರಡು ಕೊಡುತ್ತೇನೆ. ಸೇವೆಗೆ ಪ್ರತ್ಯೇಕ ಶುಲ್ಕವಿಲ್ಲ, ಬೋಧನಾ ಶುಲ್ಕದಲ್ಲಿಯೇ ಸೇರಿದೆ.

ತಾಯಿಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ಇಲ್ಲಿನ ಓದುಗರು ಕೇಳಬಹುದು. ಮೊದಲ ಸಲ ನಾನೇ ಕಚೇರಿಗೆ ಫೋನ್ ಮಾಡಿ, ಮಗಳು ಯಾವ ವಿಷಯ ತೆಗೆದುಕೊಳ್ಳಬೇಕೆಂದು ವಿಚಾರಿಸಿದಾಗ, ಆ ಕಡೆಯಿಂದ ಬಹಳ ಮರ್ಯಾದೆಯ ದನಿಯಲ್ಲಿ, ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಏನನ್ನೂ ಹೇಳಲು ಬರುವುದಿಲ್ಲ ಎಂಬ ಉತ್ತರ ಬಂತು. ಫರ್ಪಾ ಎಂದು ಕರೆಯುವ 1974ರ ಕೇಂದ್ರ ಕಾನೂನಿನ ಪ್ರಕಾರ ಕಾಲೇಜು ವಿದ್ಯಾರ್ಥಿಯ ದಾಖಲೆಯ ಹಕ್ಕು ಆಕೆಯದೇ ಹೊರತು ಫೀಸು ಕಟ್ಟುವವರದಲ್ಲ. ಪೇರೆಂಟ್ಸ್ ಮೀಟಿಂಗಿನಲ್ಲಿ ಮೇಷ್ಟರ ಮುಂದೆ ಮಕ್ಕಳ ಪೂರ್ತಿ ಜಾತಕ ಬಿಚ್ಚಿ ಅಭ್ಯಾಸವಿದ್ದ ನನಗೆ ಅಂದು ಮುಖಕ್ಕೆ ಹೊಡೆದಂತಾಯಿತು. ಮಗಳು ತಾನಾಗಿಯೇ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿ, "ಅಮ್ಮ, ನೀನು ಪಕ್ಕದಲ್ಲಿ ಕೂತ್ಕೋ, ಆದ್ರೆ ಮಾತಾಡೋದು ನಾನು" ಎಂಬ ಕರಾರಿನ ಮೇಲೆ ಭೇಟಿಗಳಿಗೆ ನನ್ನನ್ನು ಕರೆದುಕೊಂಡಳು. ಕರಾರನ್ನು ಎರಡು ಸಲ ಮುರಿದಿದ್ದೇನೆ.

ಮೊದಲ ಭೇಟಿಯಲ್ಲಿ ಸಲಹೆಗಾರ್ತಿ ಹೇಳಿದ ಮೊದಲ ಮಾತು, ಪ್ರೀ-ಮೆಡ್ ಎಂಬ ಪದವಿಯೇ ಇಲ್ಲ ಎಂಬುದು. ಅದು ಪದವಿಯ ಜೊತೆಜೊತೆಗೆ ಓದಿಕೊಳ್ಳುವ ಒಂದು ಗೊಂಚಲು ಮಾತ್ರ: ಪ್ರಯೋಗಾಲಯ ಸಹಿತ ಎರಡು ಸೆಮಿಸ್ಟರು ಜೀವಶಾಸ್ತ್ರ, ಎರಡು ಸೆಮಿಸ್ಟರು ಸಾಮಾನ್ಯ ರಸಾಯನಶಾಸ್ತ್ರ, ಎರಡು ಸೆಮಿಸ್ಟರು ಸಾವಯವ ರಸಾಯನಶಾಸ್ತ್ರ, ಎರಡು ಸೆಮಿಸ್ಟರು ಭೌತಶಾಸ್ತ್ರ, ಒಂದು ಸೆಮಿಸ್ಟರು ಜೀವರಸಾಯನಶಾಸ್ತ್ರ, ಜೊತೆಗೆ ಇಂಗ್ಲಿಷ್ ಮತ್ತು ಸಂಖ್ಯಾಶಾಸ್ತ್ರ. ಮನೋವಿಜ್ಞಾನ ಮತ್ತು ಸಮಾಜಶಾಸ್ತ್ರಗಳನ್ನು ಎಲ್ಲ ಕಾಲೇಜುಗಳೂ ಕೇಳುವುದಿಲ್ಲವಾದರೂ, ಎಂಕ್ಯಾಟ್ ಎಂದು ಎಲ್ಲರೂ ಕರೆಯುವ ಪ್ರವೇಶ ಪರೀಕ್ಷೆಯಲ್ಲಿ 2015ರಿಂದ ಅವಕ್ಕೇ ಒಂದು ಪೂರ್ತಿ ವಿಭಾಗ ಇರುವುದರಿಂದ ಓದದೆ ಇರುವಂತಿಲ್ಲ. ಇಷ್ಟನ್ನು ಮುಗಿಸಿದವರು ಇತಿಹಾಸವನ್ನೋ ಸಂಗೀತವನ್ನೋ ಮುಖ್ಯ ವಿಷಯವಾಗಿ ಓದಿ ವೈದ್ಯಕೀಯ ಕಾಲೇಜು ಸೇರಬಹುದು, ಸೇರುತ್ತಲೂ ಇದ್ದಾರೆ. ವಿಜ್ಞಾನವನ್ನು ಮೊದಲು ಕಾಲೇಜಿನಲ್ಲಿ ಕಲಿತು ಬರಬೇಕೆಂಬ ಈ ಕಟ್ಟಳೆ ಇಲ್ಲಿ ಹಳೆಯದು. 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಪದವೀಧರರನ್ನೇ ಸೇರಿಸಿಕೊಳ್ಳುತ್ತಿತ್ತು, 1910ರ ಫ್ಲೆಕ್ಸ್‌ನರ್ ವರದಿ ಅದನ್ನೇ ಮಾದರಿಯೆಂದು ಎತ್ತಿಹಿಡಿದ ಮೇಲೆ ಉಳಿದ ಶಾಲೆಗಳೂ ಕ್ರಮೇಣ ಆ ದಾರಿಗೆ ಬಂದವು.

ಮುಂದಿನದು ಈ ಕಚೇರಿಯ ನಿಜವಾದ ಬಂಡವಾಳ: ಎಂಟು ಚೌಕಗಳ ಒಂದು ಹಾಳೆ. ಒಂದೊಂದು ಚೌಕ ಒಂದೊಂದು ಸೆಮಿಸ್ಟರು. ಯಾವ ವಿಷಯ ಬೇಕು ಎಂಬ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ, ಆದರೆ ಯಾವುದರ ಮೇಲೆ ಯಾವುದು ನಿಂತಿದೆ ಎಂಬುದನ್ನು ಈ ಹಾಳೆಯಂತೆ ಕಣ್ಣಿಗೆ ಕಟ್ಟಿಕೊಟ್ಟದ್ದನ್ನು ನಾನು ಬೇರೆಲ್ಲೂ ನೋಡಲಿಲ್ಲ. ಸಾಮಾನ್ಯ ರಸಾಯನಶಾಸ್ತ್ರದ ಮೊದಲ ಭಾಗ ಆಗದೆ ಎರಡನೆಯದಿಲ್ಲ, ಅದು ಆಗದೆ ಸಾವಯವದ ಮೊದಲ ಭಾಗವಿಲ್ಲ, ಅದಾದ ಮೇಲೆ ಅದರ ಎರಡನೆಯ ಭಾಗ, ಅದಾದ ಮೇಲೆ ಜೀವರಸಾಯನಶಾಸ್ತ್ರ. ಒಂದರ ಹಿಂದೊಂದು ಐದು ಸೆಮಿಸ್ಟರು. ಕಾಲೇಜಿಗೆ ಕಾಲಿಟ್ಟ ದಿನವೇ ಈ ಸರಪಳಿಯನ್ನು ಹಿಡಿದವರಿಗೂ ಅದು ಮುಗಿಯುವುದು ಮೂರನೆಯ ವರ್ಷದ ಡಿಸೆಂಬರಿನಲ್ಲಿ. ನಾಲ್ಕು ವರ್ಷ ಮುಗಿದ ತಕ್ಷಣ ವೈದ್ಯಕೀಯ ಕಾಲೇಜು ಸೇರಬೇಕಾದರೆ ಮೂರನೆಯ ವರ್ಷದ ಕೊನೆಗೇ ಅರ್ಜಿ ಹೋಗಬೇಕು, ಅದಕ್ಕೂ ಮುಂಚೆ ಎಂಕ್ಯಾಟ್ ಆಗಿರಬೇಕು. ಅಂದರೆ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಜಾರಿದರೂ, ಯಾವ ಮಟ್ಟದಿಂದ ಓದು ಶುರುಮಾಡಬೇಕೆಂದು ನಿರ್ಧರಿಸುವ ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಅಂಕ ಸಾಲದೆ ರಸಾಯನಶಾಸ್ತ್ರ ಒಂದು ಸೆಮಿಸ್ಟರು ತಡವಾದರೂ, ಬೇಸಿಗೆ ರಜೆಯಲ್ಲಿ ಓದಿ ಸರಿದೂಗಿಸಬೇಕು, ಇಲ್ಲವೇ ಒಂದು ವರ್ಷ ಮುಂದಕ್ಕೆ ಹೋಗಬೇಕು. ಇದನ್ನು ಮೊದಲ ದಿನವೇ ಪೆನ್ಸಿಲ್ಲಿನಲ್ಲಿ ಬಾಣದ ಗುರುತು ಎಳೆದು ತೋರಿಸಿದ್ದು ಈ ಕಚೇರಿಯ ದೊಡ್ಡ ಉಪಕಾರ.

ಹಾಳೆಯ ಹಿಂಬದಿಯಲ್ಲಿ ಪರೀಕ್ಷೆಯಲ್ಲಿ ಯಾವ ವಿಷಯಕ್ಕೆ ಎಷ್ಟು ತೂಕ ಎಂಬ ಸಣ್ಣ ಕೋಷ್ಟಕವಿತ್ತು. ಪರೀಕ್ಷೆ ನಡೆಸುವ ಎಎಎಂಸಿ ಸಂಸ್ಥೆಯೇ ಪ್ರಕಟಿಸಿರುವ ಮಾಹಿತಿ ಇದು, ಆದರೆ ಅದರಿಂದ ಸಲಹೆಗಾರ್ತಿ ತೆಗೆದ ಅರ್ಥ ಮಾತ್ರ ಅನುಭವದ್ದು. ಎಂಕ್ಯಾಟ್‌ನಲ್ಲಿ ನಾಲ್ಕು ವಿಭಾಗ, 230 ಪ್ರಶ್ನೆ, ವಿರಾಮ ಕಳೆದು ಆರೂಕಾಲು ಗಂಟೆ. ಅಂಕ 472ರಿಂದ 528ರವರೆಗೆ. ರಸಾಯನ ಮತ್ತು ಭೌತಶಾಸ್ತ್ರದ ಮೊದಲ ವಿಭಾಗದಲ್ಲಿ ಸಾಮಾನ್ಯ ರಸಾಯನಶಾಸ್ತ್ರ ಶೇ. 30, ಭೌತಶಾಸ್ತ್ರ ಶೇ. 25, ಜೀವರಸಾಯನಶಾಸ್ತ್ರ ಶೇ. 25, ವಿದ್ಯಾರ್ಥಿಗಳ ನಿದ್ದೆ ಕೆಡಿಸುವ ಸಾವಯವ ರಸಾಯನಶಾಸ್ತ್ರ ಬರೀ ಶೇ. 15. ಜೀವಶಾಸ್ತ್ರದ ವಿಭಾಗದಲ್ಲಿ ಸಾವಯವದ ಪಾಲು ಶೇ. 5ಕ್ಕೆ ಇಳಿದರೆ, ಜೀವರಸಾಯನಶಾಸ್ತ್ರದ ಪಾಲು ಅಲ್ಲೂ ಶೇ. 25. ಎರಡು ಸೆಮಿಸ್ಟರು ಬೆವರು ಸುರಿಸಿ ಓದುವ ವಿಷಯ ಪರೀಕ್ಷೆಯಲ್ಲಿ ಒಗ್ಗರಣೆಯಷ್ಟು, ಒಂದೇ ಸೆಮಿಸ್ಟರಿನ ವಿಷಯ ಎರಡೂ ವಿಭಾಗಗಳಲ್ಲಿ ಕಾಲುಭಾಗ! ಹಾಗಾದರೆ ಸಾವಯವವನ್ನು ಹಗುರವಾಗಿ ನೋಡಬಹುದೇ ಎಂದು ನಾನು ಕರಾರು ಮುರಿದು ಕೇಳಿದೆ. ಕೂಡದು, ಏಕೆಂದರೆ ಅದರ ಬೆಲೆ ಇರುವುದು ಪರೀಕ್ಷೆಯಲ್ಲಲ್ಲ, ಗ್ರೇಡಿನಲ್ಲಿ. ಜೊತೆಗೆ ಜೀವರಸಾಯನಶಾಸ್ತ್ರದ ಬಾಗಿಲಿಗೆ ಬೀಗದ ಕೈ ಅದರ ಬಳಿಯೇ ಇದೆ ಎಂದರು. ಈಚೆಗೆ ಕೆಲವು ವೈದ್ಯಕೀಯ ಕಾಲೇಜುಗಳು ಸಾವಯವದ ಎರಡನೆಯ ಭಾಗದ ಬದಲು ಜೀವರಸಾಯನಶಾಸ್ತ್ರವನ್ನೇ ಒಪ್ಪುತ್ತವೆ ಎಂಬುದನ್ನೂ ಸೇರಿಸಿ, ಆದರೆ ಹತ್ತಾರು ಕಡೆ ಅರ್ಜಿ ಹಾಕುವವಳು ಅದನ್ನು ನಂಬಿ ಕೂರಬಾರದೆಂದು ಎಚ್ಚರಿಸಿದರು.

ನಾನು ಕರಾರು ಮುರಿದ ಇನ್ನೊಂದು ಸಂದರ್ಭ ಎರಡನೆಯ ವರ್ಷದ ಆರಂಭದ್ದು, ಮತ್ತು ಈ ವಿಮರ್ಶೆ ಬರೆಯಲು ಕಾರಣವೂ ಅದೇ. ಮಗಳು ಆ ಸೆಮಿಸ್ಟರಿಗೆ ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವಕೋಶಶಾಸ್ತ್ರ ಮೂರನ್ನೂ ಪ್ರಯೋಗಾಲಯ ಸಹಿತ ಬರೆದುಕೊಂಡು ಹೋಗಿದ್ದಳು. ಸಲಹೆಗಾರ್ತಿ ಅವಳ ಮೊದಲ ವರ್ಷದ ಗ್ರೇಡುಗಳನ್ನು ನೋಡಿ, ಸಾಮಾನ್ಯ ರಸಾಯನಶಾಸ್ತ್ರದಲ್ಲಿ ಬಿ ಬಂದಿರುವುದರ ಮೇಲೆ ಬೆರಳಿಟ್ಟು, ಭೌತಶಾಸ್ತ್ರವನ್ನು ಎತ್ತಿ ಮೂರನೆಯ ವರ್ಷದ ಚೌಕಕ್ಕೆ ಹಾಕಿದರು. ಹಾಗೆ ಹಾಕಿದರೆ ಭೌತಶಾಸ್ತ್ರ ಮುಗಿಯುವುದು 2024ರ ಮೇ ತಿಂಗಳಲ್ಲಿ, ಅದು ಮುಗಿಯದೆ ಎಂಕ್ಯಾಟ್ ಬರೆಯುವುದು ಜಾಣತನವಲ್ಲ, ಆದ್ದರಿಂದ ಅರ್ಜಿ 2025ಕ್ಕೆ, ಕಾಲೇಜು 2026ಕ್ಕೆ ಎಂದು ಅವರೇ ಲೆಕ್ಕ ಹೇಳಿದರು. ಒಂದು ವರ್ಷ ಹೋಗುತ್ತದೆಂಬುದನ್ನು ಮುಚ್ಚಿಡಲಿಲ್ಲ. ನನಗೆ ಸಿಟ್ಟು ಬಂತು. ನಾವು ಸಿಬಿಜೆಡ್‌ನಲ್ಲಿ ಬೆಳಿಗ್ಗೆ ಕಪ್ಪೆ ಕೊಯ್ದು, ಮಧ್ಯಾಹ್ನ ಸಾಲ್ಟ್ ಅನಾಲಿಸಿಸ್ ಮಾಡಿ, ಸಂಜೆ ಎಲೆಯ ಸೆಕ್ಷನ್ ತೆಗೆದವರು. ಮೂರು ಪ್ರಾಕ್ಟಿಕಲ್ಲಿಗೆ ಇಷ್ಟು ಹೆದರಿಕೆಯೇ ಎಂದು ಹೇಳಿಯೇಬಿಟ್ಟೆ. ಆಕೆ ನಗಲಿಲ್ಲ. ನಿಮಗೆ ವರ್ಷದ ಕೊನೆಗೆ ಒಂದು ಪರೀಕ್ಷೆ ಇತ್ತೇ ಎಂದು ಕೇಳಿದರು. ಇತ್ತು. ಇಲ್ಲಿ ಹದಿನೈದು ವಾರಗಳಲ್ಲಿ ಒಂದೊಂದು ವಿಷಯಕ್ಕೆ ಮೂರು ನಾಲ್ಕು ಪರೀಕ್ಷೆ, ಪ್ರತಿ ವಾರ ಲ್ಯಾಬ್ ವರದಿ, ಅದರ ಮೇಲೆ ಕ್ವಿಜ್, ಇವೆಲ್ಲ ಗ್ರೇಡಿಗೆ ಸೇರುತ್ತವೆ, ಒಮ್ಮೆ ಸೇರಿದ ಗ್ರೇಡನ್ನು ಯಾವ ಮರುಪರೀಕ್ಷೆಯೂ ಅಳಿಸುವುದಿಲ್ಲ ಎಂದು ವಿವರಿಸಿದರು.

ಈ ಕೊನೆಯ ಮಾತಿನ ತೂಕ ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕರ್ನಾಟಕದಲ್ಲಿ ಸಪ್ಲಿಮೆಂಟರಿಯಲ್ಲಿ ಪಾಸಾದರೆ ಹಳೆಯ ಅಂಕಕ್ಕೆ ಬೆಲೆಯಿಲ್ಲ. ಇಲ್ಲಿ ಎಂಡಿ ಕಾಲೇಜುಗಳ (ಅಮೆರಿಕದಲ್ಲಿ ಎಂಡಿ ಎಂದರೆ ನಮ್ಮ ಎಂಬಿಬಿಎಸ್‌ನಂತೆ ವೈದ್ಯರ ಮೊದಲ ಪದವಿ) ಅರ್ಜಿಯನ್ನು ಸ್ವೀಕರಿಸುವ ಆಮ್‌ಕ್ಯಾಸ್ ವ್ಯವಸ್ಥೆ, ಒಂದು ವಿಷಯವನ್ನು ಎರಡು ಸಲ ಓದಿದ್ದರೆ ಎರಡು ಗ್ರೇಡುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ವಿಶ್ವವಿದ್ಯಾಲಯ ತನ್ನ ಪಟ್ಟಿಯಲ್ಲಿ ಹಳೆಯದನ್ನು ತೆಗೆದುಹಾಕಿದ್ದರೂ ಸರಿ. ವೈದ್ಯರನ್ನೇ ತಯಾರಿಸುವ ಇನ್ನೊಂದು ಬಗೆಯ, ಆಸ್ಟಿಯೋಪತಿಯ ಡಿಓ ಕಾಲೇಜುಗಳು ಮೊದಲು ಹೊಸ ಗ್ರೇಡನ್ನು ಮಾತ್ರ ಲೆಕ್ಕಿಸುತ್ತಿದ್ದವು. 2017ರಿಂದ ಆ ರಿಯಾಯಿತಿಯೂ ಹೋಗಿದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತಗಳ ಗ್ರೇಡುಗಳನ್ನು ಪ್ರತ್ಯೇಕವಾಗಿ ಕೂಡಿಸಿ ಇನ್ನೊಂದು ಸರಾಸರಿ ತೆಗೆಯುತ್ತಾರೆ. ಹೈಸ್ಕೂಲಿನಲ್ಲಿದ್ದಾಗ ಮಗಳು ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಓದಿದ್ದ ಒಂದು ಗಣಿತ ವಿಷಯವೂ ಈ ಲೆಕ್ಕಕ್ಕೆ ಸೇರುತ್ತದೆ, ಹದಿನಾರನೆಯ ವಯಸ್ಸಿನಲ್ಲಿ ಬಂದ ಬಿ ಗ್ರೇಡೂ ಹಿಂದೆಯೇ ಬರುತ್ತದೆ ಎಂಬುದನ್ನು ಹುಡುಕಿ ಹೇಳಿದ್ದು ಈ ಕಚೇರಿಯೇ. ಹಾಗೆಯೇ, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ ಐದಕ್ಕೆ ಐದು ಬಂದದ್ದರಿಂದ ಮೊದಲ ವರ್ಷದ ಜೀವಶಾಸ್ತ್ರವನ್ನು ಬಿಟ್ಟುಬಿಡಬಹುದೆಂದು ನಾವು ಹಿಗ್ಗಿದ್ದಾಗ, ಕೆಲವು ವೈದ್ಯಕೀಯ ಕಾಲೇಜುಗಳು ಎಪಿಯನ್ನು ಒಪ್ಪುವುದಿಲ್ಲ, ಒಪ್ಪುವ ಹಲವು ಕಾಲೇಜುಗಳು ಅದರ ಬದಲಿಗೆ ಮೇಲಿನ ಹಂತದ ಜೀವಶಾಸ್ತ್ರವನ್ನು ಕೇಳುತ್ತವೆ ಎಂದು ಹೇಳಿ ತಳಿಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರವನ್ನು ಹಾಳೆಗೆ ಸೇರಿಸಿದರು. ಸಾವಯವದಲ್ಲಿ ಅವಳಿಗೆ ಎರಡು ಸೆಮಿಸ್ಟರಿಗೂ ಎ ಬಂತು. ಮೂರು ಲ್ಯಾಬ್ ಒಟ್ಟಿಗೆ ತೆಗೆದುಕೊಂಡಿದ್ದರೆ ಬರುತ್ತಿತ್ತೋ ಇಲ್ಲವೋ, ಅದನ್ನು ಯಾರೂ ಹೇಳಲಾರರು. ನನ್ನ ಸಿಟ್ಟು ಮಾತ್ರ ಅಲ್ಲಿಗೆ ಇಳಿಯಿತು.

ಎಂಡಿ ಬಿಟ್ಟು ಬೇರೆ ವೃತ್ತಿಗಳ ವಿಷಯಕ್ಕೆ ಬಂದರೆ ಈ ಕಚೇರಿ ತೆಳುವಾಗುತ್ತದೆ. ಬಾಗಿಲ ಮೇಲೆ ಪ್ರೀ-ಹೆಲ್ತ್ ಎಂದಿದ್ದರೂ ಒಳಗೆ ನಡೆಯುವುದು ಬಹುಪಾಲು ಪ್ರೀ-ಮೆಡ್. ಮಗಳ ರೂಮ್‌ಮೇಟ್ ಮೂರನೆಯ ವರ್ಷದಲ್ಲಿ ಮನಸ್ಸು ಬದಲಿಸಿ, ವೈದ್ಯರ ಜೊತೆ ರೋಗಿಗಳನ್ನು ನೋಡುವ ಫಿಸಿಷಿಯನ್ ಅಸಿಸ್ಟೆಂಟ್ ಓದಿಗೆ ಹೋಗುವುದೆಂದು ನಿರ್ಧರಿಸಿದಾಗ, ಇದುವರೆಗೆ ಓದಿದ್ದೆಲ್ಲ ಅಲ್ಲಿಗೂ ಸಲ್ಲುತ್ತದೆ ಎಂದೇ ಅವಳಿಗೆ ಹೇಳಿದ್ದರು. ಸಲ್ಲುವುದು ಅರ್ಧ ಮಾತ್ರ. ವೈದ್ಯಕೀಯ ಕಾಲೇಜುಗಳು ಸಾಮಾನ್ಯವಾಗಿ ಕಡ್ಡಾಯ ಮಾಡದ ಮಾನವ ಅಂಗರಚನಾಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರ ಅಲ್ಲಿ ಬುನಾದಿ, ಸೂಕ್ಷ್ಮಜೀವಿಶಾಸ್ತ್ರವನ್ನೂ ಹಲವರು ಕೇಳುತ್ತಾರೆ. ಸಾವಯವದ ಎರಡನೆಯ ಭಾಗ ಮತ್ತು ಭೌತಶಾಸ್ತ್ರ ಎಷ್ಟೋ ಕಡೆ ಬೇಕೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ರೋಗಿಗಳ ಆರೈಕೆಯಲ್ಲಿ ಕೈಯಾರೆ ದುಡಿದ ನೂರಾರು, ಕೆಲವೆಡೆ ಸಾವಿರಕ್ಕೂ ಮೀರಿದ ಗಂಟೆಗಳನ್ನು ಅವರು ಎಣಿಸುತ್ತಾರೆ. ಪಕ್ಕದಲ್ಲಿ ನಿಂತು ನೋಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಫಿಸಿಕಲ್ ಥೆರಪಿಗೂ ಅಂಗರಚನೆಯೇ ಮೊದಲು. ಔಷಧ ಕಾಲೇಜುಗಳ ಪಿಕ್ಯಾಟ್ ಪರೀಕ್ಷೆ 2024ರ ಜನವರಿಯ ನಂತರ ನಿಂತೇಹೋಗಿದ್ದರೂ, ಆ ವರ್ಷದ ಬೇಸಿಗೆಯವರೆಗೆ ಕಚೇರಿಯ ಕರಪತ್ರದಲ್ಲಿ ಅದಕ್ಕೆ ಸಿದ್ಧರಾಗಿ ಎಂದು ಮುದ್ರಿಸಿತ್ತು. ಆ ಹುಡುಗಿ ಕೊನೆಗೆ ಪದವಿ ಮುಗಿಸಿದ ಮೇಲೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ವರ್ಷ ಅಂಗರಚನಾಶಾಸ್ತ್ರ ಓದಿದಳು. ದಂತವೈದ್ಯಕ್ಕೋ ಪಶುವೈದ್ಯಕ್ಕೋ ಹೋಗುವವರು ಮೊದಲ ಭೇಟಿಯಲ್ಲೇ ಆ ವೃತ್ತಿಯ ಕಾಲೇಜುಗಳ ಪಟ್ಟಿಯನ್ನು ತಾವೇ ಮುದ್ರಿಸಿ ಒಯ್ಯುವುದು ಒಳ್ಳೆಯದು.

ಕನ್ನಡದ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ಕೊರತೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಚೇರಿಯ ನೋಂದಣಿ ಅರ್ಜಿಯಲ್ಲಿ ಮನೆಭಾಷೆಯಿಂದ ಹಿಡಿದು ಹವ್ಯಾಸದವರೆಗೆ ಎಲ್ಲವನ್ನೂ ಕೇಳುತ್ತಾರೆ, ವೀಸಾ ಯಾವುದೆಂದು ಕೇಳುವುದಿಲ್ಲ. ತಂದೆಯ ಅಥವಾ ತಾಯಿಯ ಎಚ್-1ಬಿ ಉದ್ಯೋಗ ವೀಸಾದ ಮೇಲೆ, ಅವಲಂಬಿತರ ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳು, ಗ್ರೀನ್ ಕಾರ್ಡ್ ಬರುವ ಮುಂಚೆ ಇಪ್ಪತ್ತೊಂದು ತುಂಬಿದರೆ, ಅದೇ ಊರಿನಲ್ಲಿ ಒಂದನೆಯ ತರಗತಿಯಿಂದ ಓದಿದ್ದರೂ ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಬದಲಾಗಿ ವಿದೇಶಿ ಅಭ್ಯರ್ಥಿಗಳಾಗುತ್ತಾರೆ. ವಿದೇಶಿ ಅಭ್ಯರ್ಥಿಗಳನ್ನು ಸೇರಿಸಿಕೊಳ್ಳುವ ವೈದ್ಯಕೀಯ ಕಾಲೇಜುಗಳು ಕಡಿಮೆ, ಸ್ವಂತ ರಾಜ್ಯದವರಿಗೆ ಮಣೆ ಹಾಕುವ ಸರ್ಕಾರಿ ಕಾಲೇಜುಗಳಲ್ಲಿ ಹಲವು ಬಾಗಿಲೇ ತೆರೆಯುವುದಿಲ್ಲ, ತೆರೆಯುವ ಖಾಸಗಿ ಕಾಲೇಜುಗಳಲ್ಲಿ ಕೆಲವು ಒಂದಕ್ಕಿಂತ ಹೆಚ್ಚು ವರ್ಷಗಳ ಶುಲ್ಕವನ್ನು ಮುಂಗಡವಾಗಿ ಠೇವಣಿ ಇಡಲು ಕೇಳುತ್ತವೆ. ಕೇಂದ್ರ ಸರ್ಕಾರದ ಶಿಕ್ಷಣ ಸಾಲವಂತೂ ಅವರಿಗಿಲ್ಲ. ನಮಗೆ ಗ್ರೀನ್ ಕಾರ್ಡ್ ಮಗಳು ಹೈಸ್ಕೂಲಿನಲ್ಲಿದ್ದಾಗಲೇ ಬಂದಿತ್ತು. ಕನ್ನಡ ಕೂಟದಲ್ಲಿ ಪರಿಚಯವಾದ ಮನೆಯೊಂದರ ಹುಡುಗನಿಗೆ, ಎಂಕ್ಯಾಟ್ ಬರೆದು ಕಾಲೇಜುಗಳ ಪಟ್ಟಿ ಹಿಡಿದು ಹೋದ ಮೇಲೆ, ಆ ಪಟ್ಟಿಯ ಹೆಚ್ಚಿನ ಹೆಸರುಗಳು ತನಗೆ ಸಲ್ಲವೆಂಬುದು ತಿಳಿಯಿತು. ಸಲಹೆಗಾರರಿಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮೊದಲ ವರ್ಷದಲ್ಲೇ ಗೊತ್ತಿದ್ದರೆ ಅವನು ಓದುವುದನ್ನೇನೂ ಬಿಡುತ್ತಿರಲಿಲ್ಲ, ಆದರೆ ಎಂಟು ಚೌಕಗಳನ್ನು ಬೇರೆ ರೀತಿ ತುಂಬಿ, ಇನ್ನೊಂದು ಉದ್ಯೋಗಕ್ಕೂ ಕೈಹಿಡಿಯುವ ಮುಖ್ಯ ವಿಷಯವನ್ನು ಆರಿಸಿಕೊಳ್ಳುತ್ತಿದ್ದ.

ತರಗತಿಯ ಹೊರಗಿನ ಅನುಭವದ ಬಗ್ಗೆ ಕಚೇರಿ ಕೊಟ್ಟ ಸಲಹೆಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ಉಳಿದವು ಎಲ್ಲರೂ ಹೇಳುವಂಥವೇ. ನನ್ನ ತಮ್ಮ ಹಾಸನದಲ್ಲಿ ಸಣ್ಣ ನರ್ಸಿಂಗ್ ಹೋಮ್ ನಡೆಸುತ್ತಾನೆ. ಎರಡನೆಯ ವರ್ಷದ ಬೇಸಿಗೆಯಲ್ಲಿ ಮಗಳು ಊರಿಗೆ ಹೊರಟಾಗ, ಸೋದರಮಾವನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವುದನ್ನೂ ಇಂಜೆಕ್ಷನ್ ಕೊಡುವುದನ್ನೂ ಕಲಿತು ಬಂದರೆ ಅರ್ಜಿಯಲ್ಲಿ ಎದ್ದು ಕಾಣುತ್ತದೆ ಎಂದು ಮನೆಯವರೆಲ್ಲ ಲೆಕ್ಕ ಹಾಕಿದ್ದೆವು. ಸಲಹೆಗಾರ್ತಿ ಅದನ್ನು ಕೇಳಿದವರೇ, ಅಮೆರಿಕದಲ್ಲಿ ನಿನಗೆ ಮಾಡಲು ಅನುಮತಿಯಿಲ್ಲದ ಯಾವುದನ್ನೂ ಅಲ್ಲಿ ಮಾಡಬೇಡ, ಮಾಡಿ ಅದನ್ನು ಅರ್ಜಿಯಲ್ಲಿ ಬರೆದರೆ ನಿನ್ನ ವಿವೇಕದ ಮೇಲೆಯೇ ಪ್ರಶ್ನೆ ಏಳುತ್ತದೆ ಎಂದರು. ವಿದೇಶದಲ್ಲಿ ರೋಗಿಗಳನ್ನು ಮುಟ್ಟುವ ಪದವಿ ವಿದ್ಯಾರ್ಥಿಗಳಿಗಾಗಿ ಎಎಎಂಸಿ ಹೊರಡಿಸಿರುವ ಮಾರ್ಗಸೂಚಿಯನ್ನೂ ಕೈಗಿಟ್ಟರು. ತಮ್ಮನಿಗೆ ಬೇಜಾರಾಯಿತು. ಮಗಳು ಆರು ವಾರ ಹೊರರೋಗಿಗಳ ಕೋಣೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತು ನೋಡಿದಳು, ಸಂಜೆ ಅಜ್ಜಿಯರ ಬಿಪಿ ಮಾತ್ರೆಗಳ ಬಗ್ಗೆ ಅವರ ಜೊತೆ ಕನ್ನಡದಲ್ಲಿ ಮಾತಾಡಿದಳು. ಮಾತ್ರೆಯನ್ನು ಎರಡು ದಿನಕ್ಕೊಂದರಂತೆ ಉಳಿಸಿ ನುಂಗುವ ಅಜ್ಜಿಯೊಬ್ಬರ ಪ್ರಸಂಗ, ಸಂದರ್ಶನವೊಂದರಲ್ಲಿ ಅವಳು ಅತಿ ಹೆಚ್ಚು ಹೊತ್ತು ಮಾತಾಡಿದ ವಿಷಯವಾಯಿತು.

ಇನ್ನು ದೂರು. ಈ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಶಿಫಾರಸುಗಳನ್ನು ಒಟ್ಟುಗೂಡಿಸಿ, ಕಚೇರಿಯ ಸಮಿತಿಯೇ ವಿದ್ಯಾರ್ಥಿಯನ್ನು ಸಂದರ್ಶಿಸಿ, ಎಲ್ಲರ ಪರವಾಗಿ ಒಂದು ಪತ್ರ ಬರೆಯುವ ಪದ್ಧತಿಯಿದೆ. ಇಂತಹ ಸಮಿತಿ ಪತ್ರ ಕೊಡುವ ಕಾಲೇಜಿನಿಂದ ಬಂದವರು ಅದಿಲ್ಲದೆ ಅರ್ಜಿ ಹಾಕಿದರೆ, ಏಕೆ ಇಲ್ಲ ಎಂದು ಹಲವು ವೈದ್ಯಕೀಯ ಕಾಲೇಜುಗಳು ಕೇಳುತ್ತವೆ, ಆದ್ದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಮಗಳು 2025ರ ಜನವರಿಯಲ್ಲಿ ಎಂಕ್ಯಾಟ್ ಬರೆದು, ಫೆಬ್ರವರಿಯಲ್ಲಿ ಸಮಿತಿಯ ಕಾಗದಪತ್ರ ಮುಗಿಸಿ, ಮೇ ಕೊನೆಯಲ್ಲಿ ಆಮ್‌ಕ್ಯಾಸ್ ಅರ್ಜಿ ಸಲ್ಲಿಸಿದಳು. ಅರ್ಜಿಗೆ ಮೊದಲ ಕಾಲೇಜಿಗೆ 175 ಡಾಲರ್, ಆಮೇಲಿನ ಪ್ರತಿ ಕಾಲೇಜಿಗೂ ನಲವತ್ತಕ್ಕಿಂತ ಹೆಚ್ಚು, ಅದಾದ ಮೇಲೆ ಒಂದೊಂದು ಕಾಲೇಜಿನ ಎರಡನೆಯ ಅರ್ಜಿಗೂ ಬೇರೆ ಬೇರೆ ಶುಲ್ಕ. ಜುಲೈ ಕೊನೆಯ ಹೊತ್ತಿಗೆ ಅವಳ ಕೆಲಸವೆಲ್ಲ ಮುಗಿದಿತ್ತು. ಜುಲೈ ಮಧ್ಯದೊಳಗೆ ಹೋಗುತ್ತದೆಂದು ಬರೆದುಕೊಟ್ಟಿದ್ದ ಸಮಿತಿ ಪತ್ರ ಹೋದದ್ದು ಆಗಸ್ಟ್ ಕೊನೆಯ ವಾರದಲ್ಲಿ. ಅರ್ಜಿಯ ಪರಿಶೀಲನೆಗೆ ಪತ್ರ ಬೇಕಿಲ್ಲವಾದರೂ, ಬಹುತೇಕ ಕಾಲೇಜುಗಳು ಪತ್ರ ಬರುವವರೆಗೆ ಕಡತವನ್ನು ಪೂರ್ಣವೆಂದು ಪರಿಗಣಿಸುವುದಿಲ್ಲ. ಬಂದವರಿಗೆ ಬಂದಂತೆ ಸಂದರ್ಶನ ಹಂಚುವ ಈ ಪದ್ಧತಿಯಲ್ಲಿ ಆರು ವಾರ ಸಣ್ಣ ಕಾಲವಲ್ಲ. 2024ರಲ್ಲಿ ಸೇರಲು ಸುಮಾರು 52,000 ಮಂದಿ ಅರ್ಜಿ ಹಾಕಿ, ಎಂಡಿ ಕಾಲೇಜುಗಳಲ್ಲಿ ಜಾಗ ಸಿಕ್ಕಿದ್ದು ಸುಮಾರು 23,000 ಮಂದಿಗೆ. ಕಾರಣ ಕೇಳಿದಾಗ, ಒಬ್ಬ ಸಲಹೆಗಾರರು ಕೆಲಸ ಬಿಟ್ಟರೆಂದೂ, ಅವರ ಪಾಲಿನ ಪತ್ರಗಳನ್ನು ಉಳಿದಿಬ್ಬರು ಹಂಚಿಕೊಂಡರೆಂದೂ ಉತ್ತರ ಬಂತು. ಅದು ನಿಜವೇ ಇರಬಹುದು. ಆದರೆ ಜುಲೈ ಒಂದರಂದು ಅದನ್ನು ಮಕ್ಕಳಿಗೆ ತಿಳಿಸಿದ್ದರೆ ಪ್ರಾಧ್ಯಾಪಕರ ಬಿಡಿ ಪತ್ರಗಳನ್ನಾದರೂ ಕಳಿಸಬಹುದಿತ್ತು. ನಾಲ್ಕು ವರ್ಷ ಒಂದೊಂದು ಸೆಮಿಸ್ಟರಿನ ಲೆಕ್ಕ ಕಲಿಸಿದ ಕಚೇರಿ ತನ್ನ ಲೆಕ್ಕವನ್ನೇ ತಪ್ಪಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆ ಆತಂಕದ ದಿನಗಳಲ್ಲಿ ಗಂಟೆಗೆ ನೂರಾರು ಡಾಲರ್ ಕೇಳುವ ಖಾಸಗಿ ಸಲಹೆಗಾರರೊಬ್ಬರ ಬಳಿಗೂ ಹೋಗಿಬಂದೆವು. ವಿಷಯಗಳ ಯೋಜನೆಯ ಬಗ್ಗೆ ಅವರು ಹೇಳಿದ್ದರಲ್ಲಿ ಆ ಪೆನ್ಸಿಲ್ ಹಾಳೆಯಲ್ಲಿ ಇಲ್ಲದ್ದು ಏನೂ ಇರಲಿಲ್ಲ. ಅದರ ಬದಲು ಎಎಎಂಸಿಯದೇ ಆದ ಎಂಎಸ್ಎಆರ್ ಎಂಬ ಆನ್‌ಲೈನ್ ಕೈಪಿಡಿಗೆ ಸಣ್ಣ ವಾರ್ಷಿಕ ಚಂದಾ ಕಟ್ಟಿದರೆ, ಯಾವ ಕಾಲೇಜು ಯಾವ ವಿಷಯ ಕೇಳುತ್ತದೆ, ಸೇರಿದವರ ಗ್ರೇಡು ಮತ್ತು ಎಂಕ್ಯಾಟ್ ಎಷ್ಟಿತ್ತು, ಹೊರರಾಜ್ಯದವರನ್ನು ಎಷ್ಟು ಜನರನ್ನು ತೆಗೆದುಕೊಂಡರು ಎಂಬುದೆಲ್ಲ ಸಿಗುತ್ತದೆ. ಟೆಕ್ಸಾಸಿನ ಸರ್ಕಾರಿ ಕಾಲೇಜುಗಳು ಹೊರರಾಜ್ಯದವರಿಗೆ ಶೇ. 10ಕ್ಕಿಂತ ಹೆಚ್ಚು ಜಾಗ ಕೊಡುವಂತಿಲ್ಲ ಎಂಬ ನಿಯಮ ಗೊತ್ತಿಲ್ಲದೆ ಅಲ್ಲಿಗೆ ಅರ್ಜಿ ಬರೆದು ದುಡ್ಡು ಕಳೆದುಕೊಳ್ಳುವುದು ಇದರಿಂದ ತಪ್ಪುತ್ತದೆ. ಈ ಕೈಪಿಡಿ ಎಂಡಿ ಕಾಲೇಜುಗಳಿಗೆ ಮಾತ್ರ. ಡಿಓ ಕಾಲೇಜುಗಳ ಮಾಹಿತಿ ಅವುಗಳ ಸಂಘದಲ್ಲಿ ಉಚಿತವಾಗಿಯೇ ದೊರೆಯುತ್ತದೆ.

ಕೊನೆಯ ಗಳಿಗೆಯಲ್ಲಿ ಕಚೇರಿ ಒಂದು ಒಳ್ಳೆಯ ಕೆಲಸ ಮಾಡಿತು. ಪದವಿಯ ನಂತರದ ಓದಿನ ಪೂರ್ತಿ ಖರ್ಚಿಗೆ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಎಂಬ ಕೇಂದ್ರ ಸಾಲ 2026ರ ಜುಲೈ 1ರಿಂದ ಹೊಸಬರಿಗೆ ನಿಂತು, ವೃತ್ತಿಶಿಕ್ಷಣಕ್ಕೆ ವರ್ಷಕ್ಕೆ 50,000, ಒಟ್ಟು 2,00,000 ಡಾಲರಿನ ಮಿತಿ ಬರುತ್ತದೆ ಎಂಬ ಹೊಸ ಕಾನೂನಿನ ಬಗ್ಗೆ ಅವರು ಕಳೆದ ವರ್ಷವೇ ಸಭೆ ಕರೆದು ತಿಳಿಸಿದರು. ಒಂದು ವರ್ಷ ಮುಂದಕ್ಕೆ ಹೋದದ್ದರ ಬೆಲೆಯನ್ನು ಹೀಗೂ ಕಟ್ಟಬೇಕಾಗುತ್ತದೆಂದು 2022ರಲ್ಲಿ ಭೌತಶಾಸ್ತ್ರವನ್ನು ಚೌಕದಿಂದ ಎತ್ತಿದಾಗ ಆ ಸಲಹೆಗಾರ್ತಿಗಾಗಲಿ ನನಗಾಗಲಿ ತಿಳಿಯುವಂತಿರಲಿಲ್ಲ. ಎರಡು ಜಾಗ ಸಿಕ್ಕಾಗ ಮಗಳು ಹೆಸರಿನ ಖಾಸಗಿ ಕಾಲೇಜನ್ನು ಬಿಟ್ಟು ನಮ್ಮ ರಾಜ್ಯದ ಸರ್ಕಾರಿ ಕಾಲೇಜನ್ನು ಆರಿಸಿಕೊಂಡದ್ದಕ್ಕೆ ಆ ಸಭೆಯೇ ಕಾರಣ.

ಮಗ ಈ ಆಗಸ್ಟ್‌ನಲ್ಲಿ ಅದೇ ವಿಶ್ವವಿದ್ಯಾಲಯ ಸೇರುತ್ತಿದ್ದಾನೆ, ಅವನಿಗೆ ಸದ್ಯಕ್ಕೆ ದಂತವೈದ್ಯಕೀಯದ ಮೇಲೆ ಮನಸ್ಸು. ಮೊದಲ ಭೇಟಿಯ ದಿನಾಂಕ ಗೊತ್ತಾಗಿದೆ. ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಅವನಿಗೆ ಎರಡು ಅಂಕ ಕಡಿಮೆ ಬಂದಿರುವುದರಿಂದ ರಸಾಯನಶಾಸ್ತ್ರ ಎರಡನೆಯ ಚೌಕಕ್ಕೆ ಹೋಗಿದೆ. ಅಕ್ಕ ಪೆನ್ಸಿಲ್ ಹಿಡಿದು ಬಾಣಗಳನ್ನು ಎಳೆದುಕೊಟ್ಟಿದ್ದಾಳೆ. ಒಪ್ಪಿಗೆಯ ಪತ್ರಕ್ಕೆ ಅವನು ಇನ್ನೂ ಸಹಿ ಹಾಕಿಲ್ಲ.